ವಾಪಸ್ ಬರ್ತೀವಿ ಸ್ವಾಮಿ, ನಂಬಿ

ಫ್ರಾನ್ಸಿಗೆ ಹೋಗುವ ಸಿದ್ಧತೆ ಅಂದರೆ ಸ್ವೆಟರ್ ಕೊಳ್ಳುವುದು, ಚಟ್ನಿಪುಡಿ ಕಟ್ಟಿಕೊಳ್ಳುವುದು, ನಾಲ್ಕು ಫ್ರೆಂಚ್ ಮಾತು ಕಲಿಯುವುದು ಅಂತ ಯಾರಾದರೂ ತಿಳಿದಿದ್ದರೆ, ಅವರಿನ್ನೂ ವೀಸಾ ಅರ್ಜಿ ಹಾಕಿಲ್ಲ. ಅದೆಲ್ಲ ಕೊನೇ ಎರಡು ದಿನದ ಕೆಲಸ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಮಾಡುವುದು ಒಂದೇ ಕೆಲಸ: ವಾಪಸ್ ಬರುತ್ತೇವೆ ಅಂತ ಸಾಬೀತು ಮಾಡುವುದು. ನೀವು ಅಲ್ಲಿ ಏನು ನೋಡುತ್ತೀರಿ, ಏನು ತಿನ್ನುತ್ತೀರಿ ಅನ್ನುವುದರಲ್ಲಿ ಫ್ರಾನ್ಸಿನವರಿಗೆ ಅಂಥ ಆಸಕ್ತಿ ಇಲ್ಲ. ಯಾವಾಗ ಹೊರಡುತ್ತೀರಿ? ಅಷ್ಟು ಹೇಳಿ ಸಾಕು. ಮದುವೆಗೆ ಬಂದ ನೆಂಟರನ್ನು ಛತ್ರದ ಬಾಗಿಲಲ್ಲೇ ನಿಲ್ಲಿಸಿ ‘ವಾಪಸ್ ಬಸ್ಸು ಎಷ್ಟು ಗಂಟೆಗೆ?’ ಅಂತ ಕೇಳಿದ ಹಾಗೆ.

ಹೊಳೆನರಸೀಪುರದ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರ ಫೈಲನ್ನೇ ನೋಡಿ. ಮಗ ತುಲೂಸ್‌ನಲ್ಲಿ ಎಂಜಿನಿಯರ್. ಏರ್‌ಬಸ್ ವಿಮಾನಗಳ ತವರೂರು ಅದು. ಬೆಂಗಳೂರಿನಲ್ಲಿ ಕೂತು ವಿಮಾನದ ರೆಕ್ಕೆಯ ಲೆಕ್ಕ ಹಾಕುತ್ತಿದ್ದ ಹುಡುಗರು ಅಲ್ಲಿಗೆ ಹೋಗಿ ಸೇರುವುದು ಈಗ ಹೊಸದೇನಲ್ಲ. ಮಗ ಫೋನ್ ಮಾಡಿ, ‘ಅಪ್ಪ, ಬೇಸಿಗೆಗೆ ಇಬ್ರೂ ಬಂದು ಒಂದೂವರೆ ತಿಂಗಳು ಇದ್ದು ಹೋಗಿ’ ಅಂದ. ಅಪ್ಪ-ಅಮ್ಮ ಖುಷಿಯಾದರು. ಅಷ್ಟಕ್ಕೇ ಹೋಗಿಬಿಡಬಹುದು ಅಂತ ತಿಳಿದರು, ಪಾಪ.

ಮಗ ಕರೆದರೆ ಆಗಲಿಲ್ಲ. ಊರಿನ ಮೇಯರ್ ಒಪ್ಪಬೇಕು. ಅಲ್ಲಿ ‘ಅತೆಸ್ತಾಸಿಯೋ ದಾಕೈ’ ಅಂತ ಒಂದು ಪತ್ರ ಇದೆ. ಮನೆಗೆ ನೆಂಟರು ಬರುವವರಿದ್ದರೆ ಊರಿನ ಪುರಸಭೆಗೆ ಹೋಗಿ ಅದನ್ನು ಮಾಡಿಸಬೇಕು. ಮನೆ ಎಷ್ಟು ದೊಡ್ಡದು, ಸಂಬಳ ಎಷ್ಟು, ಬಂದವರು ಮಲಗುವುದೆಲ್ಲಿ, ಎಲ್ಲಕ್ಕೂ ದಾಖಲೆ ಕೊಡಬೇಕು. 30 ಯುರೋ ಕಟ್ಟಬೇಕು. ಪತ್ರ ಸಿಗದಿದ್ದರೂ ಆ ದುಡ್ಡು ಹೋಯಿತು ಅಂತಲೇ ಲೆಕ್ಕ. ಅನುಮಾನ ಬಂದರೆ ಪುರಸಭೆಯವರು ಮನೆಗೆ ಬಂದು ನೋಡಿ ಹೋಗುವುದೂ ಉಂಟು. ಎರಡು ಕೋಣೆಯ ಮನೆಯಲ್ಲಿ, ಅತ್ತೆ, ಮಾವ, ಇಬ್ಬರು ನಾದಿನಿಯರು, ಒಂದು ಹೊಲಿಗೆ ಮೆಷಿನ್ ಮಧ್ಯೆ ಈ ಮಗನನ್ನು ಬೆಳೆಸಿದ ತಾಯಿಗೆ ಇದು ಅರ್ಥವೇ ಆಗಲಿಲ್ಲ. ‘ಹಾಲ್‌ನಲ್ಲಿ ಚಾಪೆ ಹಾಕ್ಕೊಂಡು ಮಲಗ್ತೀನಿ ಅಂತ ಹೇಳೋ’ ಅಂದರು. ಹಾಗೆಲ್ಲ ಬರೆಯುವ ಕಾಲಂ ಅದರಲ್ಲಿ ಇಲ್ಲ ಅಂತ ಮಗ ಹೇಳಿದ. ಇನ್ನೊಂದು ವಿಷಯ. ಆ ಪತ್ರದ ಸ್ಕ್ಯಾನ್ ಸಾಲದು, ಒರಿಜಿನಲ್ಲೇ ಬೇಕು. ಅದು ಕೊರಿಯರ್‌ನಲ್ಲಿ ಸಮುದ್ರ ದಾಟಿ ಹಾಸನ ಜಿಲ್ಲೆಗೆ ಬರಬೇಕು, ಮತ್ತೆ ಮೇಷ್ಟ್ರ ಕೈಚೀಲದಲ್ಲಿ ಫ್ರಾನ್ಸಿಗೇ ಹೋಗಬೇಕು. ಕಾಗದಕ್ಕೆ ಮಾತ್ರ ವೀಸಾ ಬೇಡ ನೋಡಿ.

ಮುಂದೆ ಫೋಟೋ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದ, ತಿಳಿ ಬಣ್ಣದ ಹಿನ್ನೆಲೆ, ಮುಖದಲ್ಲಿ ಯಾವ ಭಾವವೂ ಇರಬಾರದು. ಸ್ಟುಡಿಯೋದ ಹುಡುಗ ಮೇಷ್ಟ್ರ ಗಲ್ಲ ಹಿಡಿದು ನೇರ ಮಾಡಿದ. ‘ನಗಬೇಡಿ ಸಾರ್, ಫ್ರಾನ್ಸ್‌ಗೆ ನಗೋ ಹಾಗಿಲ್ಲ. ಬೇಕಾದ್ರೆ ಬಂದ ಮೇಲೆ ನಗಿ.’ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು. ನಗದೆ ಇರುವುದು ಅವರಿಗೇನು ಕಷ್ಟ? ಒಂದೇ ಸಲಕ್ಕೆ ಓಕೆ ಆಯಿತು.

ಹೆಸರಿನದು ಬೇರೆಯೇ ಕಥೆ. ನಮ್ಮಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಒಂದು ಊರು, ಒಂದು ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಮೇಷ್ಟ್ರು ಬರೆದರು. ಊರು ಹೋಗಿ ಸರ್‌ನೇಮ್ ಕಾಲಂನಲ್ಲಿ ಕೂತಿತು. ಈಗ ಫ್ರೆಂಚರ ಕಡತದಲ್ಲಿ ಅವರು ಮಸ್ಯೋ, ಅಂದರೆ ಶ್ರೀಯುತ, ಹೊಳೆನರಸೀಪುರ. ಹೆಂಡತಿ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು, ಮದುವೆ ಕಾಗದದಲ್ಲಿ ‘ಚಿ. ಸೌ.’ ಸೇರಿಸಿ ಮೂರನೆಯದು. ಈ ಮೂವರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಆಯಿತು.

ಆಮೇಲೆ ಬಂತು ನಿಜವಾದ ಪರೀಕ್ಷೆ. ಊರಲ್ಲಿ ನಿಮ್ಮನ್ನು ಕಟ್ಟಿಹಾಕುವಂಥದ್ದು ಏನಿದೆ, ತೋರಿಸಿ! ಕೆಲಸದಲ್ಲಿ ಇರುವವರು ಆಫೀಸಿನಿಂದ ರಜೆ ಪತ್ರ ತರುತ್ತಾರೆ, ಮೂರು ತಿಂಗಳ ಸಂಬಳದ ಸ್ಲಿಪ್ ಇಡುತ್ತಾರೆ. ರಿಟೈರ್ ಆದವರ ಹತ್ತಿರ ಏನಿರುತ್ತದೆ? ವೀಸಾ ಏಜೆಂಟ್ ಸಲಹೆ ಕೊಟ್ಟ. ‘ಜಮೀನು ಇದ್ಯಾ ಮೇಷ್ಟ್ರೇ? ಪಹಣಿ ಹಾಕಿ. ತೋಟ ಬಿಟ್ಟು ಯಾರೂ ಓಡಿಹೋಗಲ್ಲ ಅಂತ ಅವರಿಗೂ ಗೊತ್ತು.’ ಪಹಣಿ ಕಡ್ಡಾಯ ಅಂತ ಯಾವ ಪಟ್ಟಿಯಲ್ಲೂ ನಾನು ನೋಡಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸದಿದ್ದರೆ ಏಜೆಂಟ್‌ಗೆ ಯಾಕೆ ಫೀಸು ಕೊಡಬೇಕು, ಅಲ್ವಾ?

ಪಹಣಿ ತೆಗೆಸಿದರು. ಅದರಲ್ಲಿ ಇನ್ನೂ ಮೇಷ್ಟ್ರ ಅಜ್ಜನ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ. ಅಣ್ಣತಮ್ಮಂದಿರು ಒಂದು ದಿನ ಒಟ್ಟಿಗೆ ತಾಲ್ಲೂಕು ಆಫೀಸಿಗೆ ಹೋಗಬೇಕು ಅಂತ ಪ್ರತೀ ಗೌರಿಹಬ್ಬಕ್ಕೂ ಮಾತಾಗುತ್ತದೆ, ಹಬ್ಬ ಮುಗಿಯುತ್ತದೆ. ಮೇಲಾಗಿ ತೋಟದಲ್ಲಿ ಇರುವುದು ತೆಂಗು, ಪಹಣಿಯ ಬೆಳೆ ಕಾಲಂನಲ್ಲಿ ಇರುವುದು ರಾಗಿ. ಏಜೆಂಟ್ ಅದನ್ನೇ ಇಂಗ್ಲಿಷಿಗೆ ಮಾಡಿಸಿ, ಸೀಲ್ ಹೊಡೆಸಿ, ಫೈಲಿಗೆ ಸೇರಿಸಿದ. ಇಲ್ಲದ ರಾಗಿ ಕೊಯ್ಯಲು ಸತ್ತುಹೋದ ಅಜ್ಜ ಖಂಡಿತ ವಾಪಸ್ ಬರುತ್ತಾರೆ ಅಂತ ಫ್ರಾನ್ಸ್ ಸರ್ಕಾರಕ್ಕೆ ಲಿಖಿತವಾಗಿ ಗೊತ್ತಾಯಿತು.

ದುಡ್ಡಿನ ಲೆಕ್ಕ ಫ್ರಾನ್ಸಿನವರು ಚೊಕ್ಕವಾಗಿ ಇಟ್ಟಿದ್ದಾರೆ. ಹೋಟೆಲ್ ಬುಕ್ ಆಗಿದ್ದರೆ ತಲೆಗೆ ದಿನಕ್ಕೆ 65 ಯುರೋ ತೋರಿಸಬೇಕು. ಆಗದಿದ್ದರೆ 120. ಮೇಯರ್ ಪತ್ರ ಇದ್ದು ಮಗನ ಮನೆಯಲ್ಲೇ ಉಳಿದರೆ 32.50. ಆ ಐವತ್ತು ಸೆಂಟ್ಸ್ ಯಾವ ಖರ್ಚಿಗೆ ಅಂತ ಮೇಷ್ಟ್ರು ಬಹಳ ಯೋಚಿಸಿದರು. ಇಬ್ಬರಿಗೆ 45 ದಿನಕ್ಕೆ 2,925 ಯುರೋ ಅಂತ ಬಾಯಲ್ಲೇ ಗುಣಿಸಿ ಹೇಳಿದರು. ಪೆನ್ಷನ್ ಖಾತೆಯಲ್ಲಿ ಅಷ್ಟು ಇಟ್ಟುಕೊಂಡು ಕೂರುವವರು ಯಾರು? ಇಂಥ ಹೊತ್ತಿಗೆ ನಮ್ಮಲ್ಲಿ ಭಾವಮೈದುನ ಅಂತ ಒಬ್ಬ ಇರುತ್ತಾನೆ. ಅವನ ಎರಡು ಲಕ್ಷ ಅಕ್ಕನ ಗಂಡನ ಖಾತೆಗೆ ಬಂದು, ನಾಲ್ಕು ದಿನ ಗಾಳಿ ಕುಡಿದು, ಸ್ಟೇಟ್‌ಮೆಂಟ್ ಪ್ರಿಂಟ್ ಆದ ಮೇಲೆ ಮನೆಗೆ ಹೋಗುತ್ತದೆ. ಈ ಓಡಾಟ ಕೊಡುವವನಿಗೂ ಗೊತ್ತು, ಇಸಕೊಳ್ಳುವವನಿಗೂ ಗೊತ್ತು. ಫೈಲ್ ನೋಡುವ ಫ್ರೆಂಚ್ ಅಧಿಕಾರಿಗೆ ಇವರಿಬ್ಬರಿಗಿಂತ ಚೆನ್ನಾಗಿ ಗೊತ್ತು.

ಆ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು ಬೇಕು. ಎಳನೀರಿಗೂ ಫೋನಿನಲ್ಲೇ ದುಡ್ಡು ಕಳಿಸುವ ದೇಶ ನಮ್ಮದು, ನಿಜ. ಆದರೆ ರಬ್ಬರ್ ಸ್ಟ್ಯಾಂಪಿನ ನೀಲಿ ಮಸಿ ಇಲ್ಲದ ಕಾಗದವನ್ನು ನಾವೂ ನಂಬುವುದಿಲ್ಲ, ಅವರೂ ನಂಬುವುದಿಲ್ಲ. ಸೀಲು ಮ್ಯಾನೇಜರ್ ಡ್ರಾಯರ್‌ನಲ್ಲಿ, ಡ್ರಾಯರ್ ಕೀ ಮ್ಯಾನೇಜರ್ ಜೇಬಿನಲ್ಲಿ, ಮ್ಯಾನೇಜರ್ ಟ್ರೈನಿಂಗ್‌ನಲ್ಲಿ.

ಇನ್ಶೂರೆನ್ಸ್ ಕನಿಷ್ಠ 30,000 ಯುರೋದ್ದು ಇರಬೇಕು. ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚಿಗೆ ಅಂತ ಮೇಷ್ಟ್ರ ಹೆಂಡತಿ ಅಂದುಕೊಂಡಿದ್ದರು. ಅದೂ ಹೌದು. ಜೊತೆಗೆ, ಅಲ್ಲೇ ಪ್ರಾಣ ಹೋದರೆ ಊರಿಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಬೇಕು. ಅಂದರೆ ಬದುಕಿದ್ದರೆ ವಾಪಸ್ ಬರುತ್ತೇನೆ ಅಂತ ಹೇಳಿದರೆ ಸಾಲದು. ಸತ್ತರೂ ಬರುತ್ತೇನೆ, ಟಿಕೆಟ್ ದುಡ್ಡು ಆಗಲೇ ಕಟ್ಟಿದ್ದೇನೆ ಅಂತ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ಫೀಸು, ತಲೆಗೆ 90 ಯುರೋ. ನಮ್ಮ ದುಡ್ಡಿನಲ್ಲಿ ಒಂಬತ್ತು ಸಾವಿರದ ಆಸುಪಾಸು. 2024ರ ಜೂನ್‌ವರೆಗೆ 80 ಇತ್ತು. ಅರ್ಜಿ ತಿರಸ್ಕಾರವಾದರೆ ದುಡ್ಡು ವಾಪಸ್ ಇಲ್ಲ. ಮೇಯರ್ ಪತ್ರದ 30 ಯುರೋ ಬಿಟ್ಟರೆ, ಇಡೀ ವ್ಯವಹಾರದಲ್ಲಿ ವಾಪಸ್ ಬರುವ ಹಂಗಿಲ್ಲದ್ದು ಇದೊಂದೇ.

ಪ್ರವಾಸಕ್ಕೆ ಹೋಗುವ ಚಿಕ್ಕ ವಯಸ್ಸಿನವರ ಪಾಡು ಇನ್ನೂ ಚೆಂದ. ವೀಸಾ ಸಿಗುವ ಮುಂಚೆ ಟಿಕೆಟ್ ಕೊಂಡು ಕಳೆದುಕೊಳ್ಳಬೇಡಿ ಅಂತ ಬುದ್ಧಿ ಹೇಳುತ್ತಾರೆ. ಹಾಗೇ, ಟಿಕೆಟ್ ಕಾದಿರಿಸಿದ್ದಕ್ಕೆ ದಾಖಲೆ ಕೊಡಿ ಅಂತಲೂ ಹೇಳುತ್ತಾರೆ. ಈ ಎರಡು ಮಾತಿನ ನಡುವಿನ ಸಂದಿಯಲ್ಲಿ ‘ಡಮ್ಮಿ ಟಿಕೆಟ್’ ಅನ್ನುವ ಗೃಹ ಕೈಗಾರಿಕೆ ಹುಟ್ಟಿದೆ. ನಾಲ್ಕೈದು ನೂರು ರೂಪಾಯಿ ಕೊಟ್ಟರೆ ಹೋಗದ ವಿಮಾನದಲ್ಲಿ ಕೂರದ ಸೀಟು. ಹೋಟೆಲ್ ಕೂಡ ಹಾಗೆಯೇ. ಬುಕ್ ಮಾಡಿ, ಪ್ರಿಂಟ್ ತೆಗೆದು, ಕ್ಯಾನ್ಸಲ್ ಮಾಡಿ. ಪ್ಯಾರಿಸ್‌ನ ಎಷ್ಟು ಹೋಟೆಲ್ ರೂಮುಗಳಲ್ಲಿ ನಮ್ಮವರು ಕಾಗದದ ಮೇಲೆ ಹನಿಮೂನ್ ಮಾಡಿದ್ದಾರೋ ದೇವರೇ ಬಲ್ಲ.

ಇನ್ನು ಸ್ಲಾಟ್, ಅಂದರೆ ಅರ್ಜಿ ಕೊಡಲು ವೀಸಾ ಕೇಂದ್ರದಲ್ಲಿ ಸಿಗುವ ದಿನ, ಹೊತ್ತು. ಫ್ರಾನ್ಸೂ ಸೇರಿದ ಶೆಂಗೆನ್ ಅನ್ನುವ ದೇಶಗಳ ಗುಂಪಿನಲ್ಲಿ ಒಂದೇ ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು ಅಂತ ನಿಯಮ. ನಮ್ಮಲ್ಲಿ ಅದನ್ನು ತಿರುಗಿಸಿ ಓದಿಕೊಂಡಿದ್ದೇವೆ. ಯಾವ ದೇಶದ ಸ್ಲಾಟ್ ಮೊದಲು ಸಿಕ್ಕಿತೋ ಆ ದೇಶದಲ್ಲಿ ಜಾಸ್ತಿ ದಿನ! ಐಫೆಲ್ ಟವರ್ ಕನಸು ಕಂಡು ಬೆಳೆದ ಹುಡುಗಿ ರಾತ್ರಿ ಎರಡು ಗಂಟೆಗೆ ಸ್ಕ್ರೀನ್ ರಿಫ್ರೆಶ್ ಮಾಡಿ ಮಾಡಿ, ಬೆಳಗ್ಗೆ ಹೊತ್ತಿಗೆ ತನಗೆ ಚಿಕ್ಕಂದಿನಿಂದಲೂ ಲಿಥುವೇನಿಯಾ ಅಂದರೆ ಪ್ರಾಣ ಅಂತ ಕವರಿಂಗ್ ಲೆಟರ್ ಬರೆಯುತ್ತಾಳೆ.

ತಮಾಷೆ ಅಂದರೆ, ಈ ಶೆಂಗೆನ್ ಹುಟ್ಟಿದ್ದೇ ತಪಾಸಣೆ ತೆಗೆದುಹಾಕಲು. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಶೆಂಗೆನ್ ಅನ್ನುವ ಹಳ್ಳಿಯ ಹತ್ತಿರ, ಮೊಸೆಲ್ ನದಿಯ ಮೇಲೆ, ದೋಣಿಯಲ್ಲಿ ಕೂತು ಐದು ದೇಶಗಳು ಸಹಿ ಹಾಕಿದವು. ನಮ್ಮ ನಮ್ಮ ಗಡಿಯಲ್ಲಿ ಇನ್ನು ಗೇಟು ಬೇಡ ಅಂದರು. ಈಗ 29 ದೇಶಗಳು ಸೇರಿವೆ. ಅಲ್ಲಿಂದ ಕಿತ್ತ ಗೇಟುಗಳನ್ನೆಲ್ಲ ಏನು ಮಾಡಿದರು ಅಂತ ಗೊತ್ತಾಗಬೇಕಾದರೆ ಬೆಂಗಳೂರಿನ ಯಾವುದಾದರೂ ವೀಸಾ ಕೇಂದ್ರಕ್ಕೆ ಬೆಳಗ್ಗೆ ಎಂಟಕ್ಕೆ ಹೋಗಿ ನಿಲ್ಲಿ.

ಫ್ರೆಂಚರು ನಮ್ಮಲ್ಲಿಗೆ ಬರುವುದಾದರೆ? ಮನೆಯ ಸೋಫಾ ಮೇಲೆ ಕೂತು ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ಫೋಟೋ ಹಾಕಿ, ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ಇ-ವೀಸಾ ಮೇಲ್‌ಗೆ ಬರುತ್ತದೆ. ವಾಪಸ್ ಹೋಗುತ್ತಾರೆ ಅನ್ನುವುದಕ್ಕೆ ಅವರ ಅಜ್ಜನ ದ್ರಾಕ್ಷಿ ತೋಟದ ಪಹಣಿ ಕೊಡಿ ಅಂತ ನಾವು ಕೇಳಿಲ್ಲ.

ಹಿಂದೆ ಹೀಗಿರಲಿಲ್ಲ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ, ಮರುವರ್ಷ ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದರು. 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯ ದರ್ಶನ ಪಡೆದರು. ಅವರು ಹೋಗಿದ್ದು ಟವರ್ ನೋಡಲಲ್ಲ. ಇಂಗ್ಲಿಷರ ಮೇಲೆ ಯುದ್ಧಕ್ಕೆ ಸೈನ್ಯ ಕೇಳಲು. ಆದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ, ಖರ್ಚು ವೆಚ್ಚವೆಲ್ಲ ಫ್ರಾನ್ಸಿನ ದೊರೆಯದೇ. ಸೈನ್ಯ ಸಿಗಲಿಲ್ಲ, ಅದು ಬೇರೆ ಮಾತು. ಶ್ರೀರಂಗಪಟ್ಟಣದವರು ಮಾತ್ರ ಹೇಳಿದಂತೆ ಊರಿಗೆ ವಾಪಸ್ ಹೊರಟರು. ವರ್ಸೈನಲ್ಲಿ ಉಳಿಯಲಾಗದೆ ಹೋದದ್ದು ದೊರೆಗೇ. 1789ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಜನ ಬಂದು ಅವನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋದರು. ಅವನು ಮತ್ತೆ ಅಲ್ಲಿಗೆ ವಾಪಸ್ ಬರಲೇ ಇಲ್ಲ.

ಮೇಷ್ಟ್ರಿಗೆ ವೀಸಾ ಬಂತು. ಕಟ್ಟುವ ಸಾಮಾನಿಗೂ ಕಾನೂನಿದೆ ಅಂತ ಆಗ ತಿಳಿಯಿತು. ತುಪ್ಪ ಬೇಡ, ಧಾರವಾಡ ಪೇಡ ಬೇಡ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರಬಾರದು. ಕರಿಬೇವಿಗೆ ರೋಗ ಇಲ್ಲ ಅಂತ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಇಲ್ಲದೆ ಯುರೋಪಿನೊಳಗೆ ಹೋಗಬಹುದಾದ ಹಣ್ಣುಗಳು ಐದೇ: ಅನಾನಸ್, ಡುರಿಯನ್, ಖರ್ಜೂರ, ತೆಂಗಿನಕಾಯಿ, ಬಾಳೆಹಣ್ಣು. ಮೇಷ್ಟ್ರ ಹೆಂಡತಿ ಕೊನೆಯ ಎರಡನ್ನು ಕೇಳಿ ಕೈ ಮುಗಿದರು. ಯಾವ ಪುಣ್ಯಾತ್ಮ ಬರೆದ ಕಾನೂನೋ, ದೇವರ ಪೂಜೆಗೆ ತೊಂದರೆ ಇಲ್ಲ. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ (ನಮಸ್ಕಾರ) ಅನ್ನದೆ ಏನು ಕೇಳಿದರೂ ಅಲ್ಲಿನವರ ಮುಖ ಗಂಟಾಗುತ್ತದೆ ಅನ್ನುವ ಒಂದು ಉಪಯೋಗದ ಮಾತನ್ನು ಮಾತ್ರ ಅಷ್ಟು ದಪ್ಪ ಫೈಲಿನಲ್ಲಿ ಯಾರೂ ಬರೆದಿರಲಿಲ್ಲ.

ಹೋದರು, ಮೊಮ್ಮಗಳನ್ನು ಆಡಿಸಿದರು, ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಮಗ ಮುಂದಿನ ವರ್ಷಕ್ಕೂ ಕರೆದಿದ್ದಾನೆ. ಮೇಷ್ಟ್ರು ಮತ್ತೆ ಏಜೆಂಟ್ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಹೊಸ ನಿಯಮ ಇದೆ ಅಂತ ಅವನು ವಿವರಿಸಿದ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು, ನಿಯಮ ಮೀರದೆ ಹೋಗಿಬಂದಿದ್ದರೆ ಆಮೇಲೆ ಎರಡು ವರ್ಷದ್ದು ಸಿಗಬಹುದು.

‘ಹೋದ ಸಲದ ಬೋರ್ಡಿಂಗ್ ಪಾಸ್ ಇಟ್ಟಿದೀರಾ ಮೇಷ್ಟ್ರೇ? ವಾಪಸ್ ಬಂದಿದ್ದೀರಿ ಅನ್ನೋದಕ್ಕೆ ಪ್ರೂಫ್.’

‘ಬಂದು ನಿನ್ನ ಎದುರಿಗೇ ಕೂತಿದೀನಲ್ಲೋ.’

‘ಅದು ಸರಿ. ಫೈಲಿಗೆ ಏನು ಹಾಕೋದು?’

ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಅಂತ ಲೈಫ್ ಸರ್ಟಿಫಿಕೇಟ್ ಕೊಟ್ಟು ಪೆನ್ಷನ್ ತೆಗೆದುಕೊಳ್ಳುವ ಮನುಷ್ಯ. ಅವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಲೇ ಇಲ್ಲ. ಅದರದ್ದೇ ಒಂದು ಜೆರಾಕ್ಸ್ ಆಗುತ್ತಾ ಅಂತ ಕೇಳಿದರು. ಆಗಬಹುದು, ಆದರೆ ಇಂಗ್ಲಿಷಿಗೆ ಮಾಡಿಸಿ ಸೀಲ್ ಹಾಕಿಸಬೇಕು ಅಂದ ಏಜೆಂಟ್.