ಬೆವರು ಹೋದ್ರೆ ಬೊಜ್ಜು ಹೋಗಲ್ಲ

ಚಿಕ್ಕಮಗಳೂರಲ್ಲಿ ಚಳಿ ಶುರುವಾದ್ರೆ ಸಾಕು, ಫ್ಯಾಮಿಲಿ ಗ್ರೂಪಿಗೆ ಆ ಮೆಸೇಜ್ ಮತ್ತೆ ಬರುತ್ತೆ, ಹೊಟ್ಟೆಗೆ ಪ್ಲಾಸ್ಟಿಕ್ ಸುತ್ಕೊಂಡು ಮೇಲೆ ಸ್ವೆಟರ್ ಹಾಕಿ ವರ್ಕೌಟ್ ಮಾಡಿದ್ರೆ ಬೆವರಿನ ಜೊತೆ ಬೊಜ್ಜೂ ಇಳಿಯುತ್ತೆ ಅಂತ. ಇದು ತಪ್ಪು. ಬೆವರು ಅಂದ್ರೆ ನೀರು, ಸ್ವಲ್ಪ ಉಪ್ಪು, ಮೈ ತಣ್ಣಗಾಗೋಕೆ ಬರೋದು ಅಷ್ಟೇ. ಕರಗಿದ ಕೊಬ್ಬಿನ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲೇ ಆಚೆ ಹೋಗುತ್ತೆ, ಕೇಳೋಕೆ ವಿಚಿತ್ರ ಅನ್ಸಿದ್ರೂ ನಿಜ.

ನೀವೇ ಚೆಕ್ ಮಾಡಿ. ವರ್ಕೌಟಿಗೆ ಮುಂಚೆ ತೂಕ ನೋಡಿ, ಮುಗಿದ್ಮೇಲೆ ಬೆವರು ಒರೆಸ್ಕೊಂಡು ನೋಡಿ, ಅರ್ಧ ಕೆಜಿ ಇಳಿದಿದ್ರೆ ಅರ್ಧ ಲೀಟರ್ ನೀರು ಕುಡಿದು ಮತ್ತೆ ಹತ್ತಿ, ಮುಳ್ಳು ವಾಪಸ್ ಅಲ್ಲಿಗೇ ಬಂದಿರುತ್ತೆ. ಮೆಸೇಜ್ ಕೊನೇಲಿ ಹೊಟ್ಟೆಗೆ ಸುತ್ಕೊಳ್ಳೋ ಬೆಲ್ಟ್ ಮಾರೋ ಲಿಂಕ್ ಇದ್ಯಾ ಅಂತಾನೂ ನೋಡಿ.

ಕಳಿಸಿದವರು ಒಳ್ಳೇದಕ್ಕೇ ಕಳಿಸಿರ್ತಾರೆ, ತೂಕ ಇಳಿದಿದ್ದು ಅವರ ಕಣ್ಣಿಗೆ ಕಂಡಿರುತ್ತಲ್ಲ. ಆದ್ರೆ ಪ್ಲಾಸ್ಟಿಕ್ ಒಳಗೆ ಬೆವರು ಆರಲ್ಲ, ಮೈ ಬಿಸಿ ಏರಿ ತಲೆ ಸುತ್ತಬಹುದು, ಬಿಪಿ ಮಾತ್ರೆ ತಗೊಳ್ಳೋ ಅಪ್ಪ ಅಮ್ಮಂದಿರ ವಿಷ್ಯದಲ್ಲಿ ನಂಗೆ ನಿಜವಾಗ್ಲೂ ಭಯ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ, 2 ದಿನ ಮನೇಲೇ ಕುರ್ಚಿ ಹಿಡ್ಕೊಂಡು ಬಸ್ಕಿ ಹೊಡೀರಿ, ಬಾಯಾರಿದ್ರೆ ನೀರು ಕುಡೀರಿ.