ಹೆಲಿಕ್ಸ್ ಅನ್ನು ಮೌಸ್‌ನಲ್ಲಿ ಎಳೆದು ಕೂರಿಸಬೇಡಿ

ಕ್ಯಾಡ್ (ಕಂಪ್ಯೂಟರ್‌ನಲ್ಲಿ ಯಂತ್ರದ ಭಾಗಗಳ ಮಾಡೆಲ್ ಮಾಡುವುದು) ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ, ಅದಕ್ಕಿಂತ ಜಾಸ್ತಿ ಅವರಿಗೆ ಕಲಿಸುವವರಿಗೆ, ಈ ಮಾತು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಇರಲಿ, ಬೋಲ್ಟ್ ಇರಲಿ, ಲೀಡ್ ಸ್ಕ್ರೂ (ತಿರುಗುತ್ತಾ ನಟ್ ಅನ್ನು ಮುಂದೆ ಸರಿಸುವ ಉದ್ದ ಸ್ಕ್ರೂ) ಇರಲಿ, ಎಲ್ಲದರ ಬೆನ್ನೆಲುಬು ಒಂದೇ ಗೆರೆ: ಹೆಲಿಕ್ಸ್, ಅಂದರೆ ಒಂದು ಅಕ್ಷದ ಸುತ್ತ ಸುತ್ತುತ್ತಾ ಮೇಲೇರುವ ಗೆರೆ. ಆ ಗೆರೆ ಸ್ವಲ್ಪ ಆಚೀಚೆ ನಿಂತಿದೆ ಅಂದ ಕೂಡಲೇ ಹೊಸಬರು ಹುಡುಕುವುದು ಮೂವ್ ಮತ್ತು ರೊಟೇಟ್. ಕಣ್ಣಳತೆಯಲ್ಲಿ ತಿರುಗಿಸುತ್ತಾರೆ, ಝೂಮ್ ಮಾಡಿ ನೋಡುತ್ತಾರೆ, ಸರಿ ಕೂತಿತು ಅಂತ ಮುಂದೆ ಹೋಗುತ್ತಾರೆ. ನಾಳೆ ಪಿಚ್, ಅಂದರೆ ಒಂದು ಸುತ್ತಿಗೆ ಏರುವ ಎತ್ತರ, ಬದಲಾದರೆ ಎಲ್ಲವೂ ಮೊದಲಿಂದ.

ಹೆಲಿಕ್ಸ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಬೆರಳೆಣಿಕೆಯ ಸಂಗತಿಗಳು. ಅಕ್ಷ, ವ್ಯಾಸ, ಪಿಚ್, ಸುತ್ತುಗಳು, ಎತ್ತರ, ಶುರುವಾಗುವ ಕೋನ, ತಿರುಗುವ ದಿಕ್ಕು. ಪಿಚ್ ಒಂದೇ ಸಮ ಇದ್ದರೆ ಪಿಚ್ ಗುಣಿಸು ಸುತ್ತು ಅಂದರೆ ಎತ್ತರ. ಹಾಗಾಗಿ ಈ ಮೂರರಲ್ಲಿ ಎರಡು ಕೊಟ್ಟರೆ ಮೂರನೆಯದು ತಾನಾಗಿ ಬರುತ್ತದೆ. ಸಾಲಿಡ್‌ವರ್ಕ್ಸ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಯಾವ ಎರಡು ಅಂತ ಮೊದಲೇ ಕೇಳುತ್ತದೆ. ಆಟೋಕ್ಯಾಡ್‌ನಲ್ಲಿ ಪ್ರಾಪರ್ಟೀಸ್ ಒಳಗೆ ಕನ್‌ಸ್ಟ್ರೇನ್ ಅಂತ ಒಂದು ಸಾಲಿದೆ. ಎತ್ತರ ಹಿಡಿದಿಡಬೇಕೋ, ಸುತ್ತು ಹಿಡಿದಿಡಬೇಕೋ ಅಂತ ಅಲ್ಲೇ ಹೇಳಬೇಕು. ಆ ಸಾಲನ್ನು ಬಹಳಷ್ಟು ಜನ ತೆರೆದೂ ನೋಡಿರುವುದಿಲ್ಲ. ಎತ್ತರ ಬದಲಿಸಿದೆ, ಸುತ್ತು ಯಾಕೆ ಬದಲಾಯಿತು ಸರ್ ಅಂತ ಕೇಳುತ್ತಾರೆ.

ವ್ಯಾಸದ ವಿಷಯಕ್ಕೆ ಬರೋಣ. ಸಾಲಿಡ್‌ವರ್ಕ್ಸ್‌ನಲ್ಲಿ ಮಾಮೂಲಿ ಹೆಲಿಕ್ಸ್‌ನ ವ್ಯಾಸ ಇರುವುದು ಅದಕ್ಕೆ ಆಧಾರವಾದ ಸ್ಕೆಚ್‌ನ ವೃತ್ತದಲ್ಲಿ. ಹೆಲಿಕ್ಸ್ ಎಡಿಟ್ ಮಾಡುವ ಕಡೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಸ್ಕೆಚ್ ತೆರೆಯಬೇಕು. ಆ ವೃತ್ತ ಸ್ಪ್ರಿಂಗ್‌ನ ಮೀನ್ ಡಯಾ, ಅಂದರೆ ತಂತಿಯ ನಡುಗೆರೆಯ ವ್ಯಾಸ, ಆಗಿರಬೇಕು. ಹೊರ ವ್ಯಾಸ 22 ಮಿ.ಮೀ., ತಂತಿ 2 ಮಿ.ಮೀ. ಅಂದರೆ ವೃತ್ತ 20. ಡ್ರಾಯಿಂಗ್‌ನಲ್ಲಿ 22 ಅಂತಿದೆ ಎಂದು ಸುಮ್ನೆ 22 ಬರೆದರೆ ತಂತಿಯ ನಡುಗೆರೆ ಅಲ್ಲಿಗೆ ಹೋಗುತ್ತದೆ, ಸ್ಪ್ರಿಂಗ್ 24 ಆಗುತ್ತದೆ. 23ರ ತೂತಿನೊಳಗೆ ಅದು ಇಳಿಯುವುದಿಲ್ಲ.

ಇನ್ನು ಅಲೈನ್‌ಮೆಂಟ್. ಇಲ್ಲೇ ಜಾಸ್ತಿ ಸಮಯ ಹಾಳಾಗುವುದು. ಹೆಲಿಕ್ಸ್ ಶುರುವಾಗುವ ಬಿಂದುವನ್ನು ಸ್ಟಾರ್ಟ್ ಆಂಗಲ್‌ನಿಂದಲೇ ಒಂದು ಮುಖ್ಯ ಪ್ಲೇನ್ (ಸಮತಲ) ಮೇಲೆ ತಂದು ನಿಲ್ಲಿಸಿ. ಫ್ರೀಕ್ಯಾಡ್‌ನ ಪಾರ್ಟ್ ಹೆಲಿಕ್ಸ್ ಹೇಗೂ ಎಕ್ಸ್ ಅಕ್ಷದ ಮೇಲೆಯೇ ಶುರುವಾಗುತ್ತದೆ, ಅದನ್ನು ಅಲ್ಲೇ ಬಿಡಿ. ಸಾಲಿಡ್‌ವರ್ಕ್ಸ್‌ನಲ್ಲಿ ಬೇರೆ ಕೋನ ಬೇಕೇ ಬೇಕು ಅಂದರೆ ಹೆಲಿಕ್ಸ್‌ನ ತುದಿಯಲ್ಲಿ, ಗೆರೆಗೆ ಲಂಬವಾಗಿ ಒಂದು ಪ್ಲೇನ್ ಹಾಕಿ. ತಂತಿಯ ವೃತ್ತವನ್ನು ಅದರ ಮೇಲೆ ಬರೆದು, ಕೇಂದ್ರಕ್ಕೆ ಹೆಲಿಕ್ಸ್ ಜೊತೆ ಪಿಯರ್ಸ್ ರಿಲೇಶನ್ (ಗೆರೆ ಪ್ಲೇನನ್ನು ಚುಚ್ಚುವ ಬಿಂದುವಿಗೆ ಕೇಂದ್ರವನ್ನು ಕಟ್ಟಿಹಾಕುವುದು) ಕೊಡಿ. ಆಮೇಲೆ ಕೋನ 0 ಇದ್ದದ್ದು 30 ಆದರೂ ಪ್ಲೇನ್, ವೃತ್ತ, ಸ್ವೀಪ್ (ವೃತ್ತವನ್ನು ಹೆಲಿಕ್ಸ್ ಉದ್ದಕ್ಕೂ ಸಾಗಿಸಿ ಮಾಡಿದ ತಂತಿ) ಎಲ್ಲ ಹಿಂದೆಯೇ ಬರುತ್ತವೆ. ಕೈಯಲ್ಲಿ ಎಳೆದು ಕೂರಿಸಿದ್ದು ಹೀಗೆ ಬರುವುದಿಲ್ಲ.

ಶುರು ಎಲ್ಲಿ ಅಂತ ಗೊತ್ತಿದ್ದರೆ ಕೊನೆಯೂ ಗೊತ್ತು. 8 ಸುತ್ತು ಅಂದರೆ ತುದಿ ಶುರುವಿನ ನೇರಕ್ಕೇ ಬರುತ್ತದೆ. ಎಂಟೂವರೆ ಅಂದರೆ ಎದುರು ಬದಿಗೆ. ಎಂಟೂಕಾಲು ಅಂದರೆ 90 ಡಿಗ್ರಿ ಆಚೆ. ಇದಕ್ಕೆ ಅಳೆಯುವ ಟೂಲ್ ಯಾಕೆ ಬೇಕು ಹೇಳಿ?

ಕಂಪ್ರೆಶನ್ ಸ್ಪ್ರಿಂಗ್‌ನ ತುದಿಗಳ ಬಗ್ಗೆ ಒಂದಿಷ್ಟು ಹೇಳಬೇಕು, ಯಾಕಂದರೆ ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಕ್ಲೋಸ್ಡ್ ಎಂಡ್ ಅಂದರೆ ಕೊನೆಯ ಸುತ್ತು ಪಕ್ಕದ ಸುತ್ತಿಗೆ ತಾಗಿರುತ್ತದೆ, ಅಂದರೆ ಅಲ್ಲಿ ಪಿಚ್ ತಂತಿಯ ದಪ್ಪದಷ್ಟೇ. ಸಾಲಿಡ್‌ವರ್ಕ್ಸ್‌ನಲ್ಲಿ ವೇರಿಯಬಲ್ ಪಿಚ್ ಆಯ್ದುಕೊಂಡರೆ ಒಂದು ಪಟ್ಟಿ ಬರುತ್ತದೆ. 2 ಮಿ.ಮೀ. ತಂತಿಗೆ ಮೊದಲ ಸುತ್ತಿನಲ್ಲಿ ಪಿಚ್ 2, ನಡುವೆ 6, ಕೊನೆಯ ಸುತ್ತಿನಲ್ಲಿ ಮತ್ತೆ 2. ಆದರೆ ಸರಿಯಾಗಿ 2 ಕೊಟ್ಟರೆ ಸುತ್ತುಗಳು ಒಂದು ಗೆರೆಯಷ್ಟೇ ತಾಗುತ್ತವೆ. ಅಷ್ಟು ದಪ್ಪವೇ ಇಲ್ಲದ ಜೋಡಣೆಯನ್ನು ಸಾಲಿಡ್ ಮಾಡೆಲ್ ಒಪ್ಪದೆ ಸ್ವೀಪ್ ಫೇಲ್ ಆಗಬಹುದು. 2.01 ಕೊಡಿ. ಆ ಸಂದು ಕಣ್ಣಿಗೂ ಕಾಣುವುದಿಲ್ಲ, ಮಾಡೆಲ್ ನಿಲ್ಲುತ್ತದೆ.

3ಡಿ ಪ್ರಿಂಟರ್‌ಗಳಲ್ಲಿ ಬಳಸುವ ಟಿ8 ಲೀಡ್ ಸ್ಕ್ರೂ ನೋಡಿದ್ದೀರಲ್ವಾ? ಸಾಮಾನ್ಯವಾಗಿ ಸಿಗುವುದರಲ್ಲಿ ಪಿಚ್ (ಇಲ್ಲಿ ಪಕ್ಕಪಕ್ಕದ ಹಲ್ಲುಗಳ ದೂರ) 2 ಮಿ.ಮೀ., ಲೀಡ್ (ಒಂದು ಸುತ್ತಿಗೆ ಸಾಗುವ ದೂರ) 8 ಮಿ.ಮೀ., ಸ್ಟಾರ್ಟ್ ನಾಲ್ಕು. ಅಂದರೆ ನಾಲ್ಕು ಹೆಲಿಕ್ಸ್‌ಗಳು ಒಟ್ಟಿಗೆ ಮೇಲೇರುತ್ತವೆ. ಸಾಫ್ಟ್‌ವೇರ್‌ನ ಪಿಚ್ ಖಾನೆಗೆ 2 ಹಾಕಿದರೆ ಆಗುವುದು ಬೇರೆಯೇ ಸ್ಕ್ರೂ. ಅಲ್ಲಿ 8 ಹಾಕಿ, ಒಂದು ಹಲ್ಲು ಕತ್ತರಿಸಿ, ಅಕ್ಷದ ಸುತ್ತ 90 ಡಿಗ್ರಿಗೊಂದರಂತೆ ಪ್ಯಾಟರ್ನ್ ಮಾಡಬೇಕು. ನಾಲ್ಕು ಹೆಲಿಕ್ಸ್ ಬರೆದು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ಕೂರಿಸುವವರನ್ನು ನೋಡಿದ್ದೇನೆ. ಪಾಪ, ಯಾರೂ ಹೇಳಿಕೊಟ್ಟಿರುವುದಿಲ್ಲ.

ಮಿರರ್ ಕಮಾಂಡ್ ಬಗ್ಗೆಯೂ ಎಚ್ಚರ. ಥ್ರೆಡ್ ಇರುವ ಪಾರ್ಟನ್ನು ಮಿರರ್ ಮಾಡಿದರೆ ಬಲಗೈ ಥ್ರೆಡ್ ಎಡಗೈ ಥ್ರೆಡ್ ಆಗುತ್ತದೆ. ಸೈಕಲ್ಲಿನ ಎಡ ಪೆಡಲ್‌ಗೆ ಅದು ಬೇಕು, ಮಾಮೂಲಿ ಬೋಲ್ಟ್‌ಗೆ ಬೇಡ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಟ್ ಹಾಕುವವರಿಗೆ ಮಾತ್ರ ಗೊತ್ತಾಗುತ್ತದೆ.

ನನಗೆ ನಿಜಕ್ಕೂ ಬೇಜಾರಾಗುವುದು ಸ್ಟೆಪ್ ಫೈಲ್ (ಒಂದು ಕ್ಯಾಡ್ ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಆಕಾರ ಕಳಿಸುವ ಫೈಲ್) ವಿಷಯದಲ್ಲಿ. ಬರೀ ಸ್ಟೆಪ್ ಫೈಲ್ ಕಳಿಸಿ, ಪಿಚ್ ಮಾತ್ರ ಸ್ವಲ್ಪ ಬದಲಿಸಿ ಕೊಡಿ, ಐದು ನಿಮಿಷದ ಕೆಲಸ ಅನ್ನುತ್ತಾರೆ. ಆ ಫೈಲ್‌ನಲ್ಲಿ ಬದಲಿಸುವುದಕ್ಕೆ ಪಿಚ್ ಅನ್ನುವ ಅಂಕಿಯೇ ಇರುವುದಿಲ್ಲ. ಹೆಲಿಕ್ಸ್ ಅನ್ನು ನರ್ಬ್ಸ್ (ಇಂಥ ಫೈಲ್‌ಗಳಲ್ಲಿ ವಕ್ರ ಗೆರೆ ಬರೆಯುವ ಗಣಿತದ ರೀತಿ) ಗೆರೆಯಾಗಿ ಪಕ್ಕಾ ಬರೆಯಲು ಗಣಿತದಲ್ಲೇ ಸಾಧ್ಯವಿಲ್ಲ. ಅಲ್ಲಿ ಉಳಿದಿರುವುದು ಅದಕ್ಕೆ ತುಂಬಾ ಹತ್ತಿರ ಬರುವ ಒಂದು ಸ್ಪ್ಲೈನ್, ಅಂದರೆ ತುಂಡುಗಳನ್ನು ಜೋಡಿಸಿದ ನಯವಾದ ವಕ್ರ ಗೆರೆ, ಅಷ್ಟೇ. ಕೆಲವರು ಅದನ್ನೇ ಉದ್ದಕ್ಕೆ ಸ್ಕೇಲ್ ಮಾಡಿ ಪಿಚ್ ಹೆಚ್ಚಿಸುತ್ತಾರೆ. ಸ್ಪ್ರಿಂಗ್ ಉದ್ದವಾಗುತ್ತದೆ ನಿಜ, ದುಂಡಗಿನ ತಂತಿಯೂ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತುವ ಯಾವ ಮೆಶಿನ್‌ನವರೂ ಆ ತಂತಿ ತರಲಾರರು.

ಅಂಥ ಫೈಲ್ ಬಂದರೆ ರಿಪೇರಿಗೆ ಇಳಿಯಬೇಡಿ. ಮೇಲಿನಿಂದ ನೋಡಿ ಒಳ, ಹೊರ ವ್ಯಾಸ ಅಳೆಯಿರಿ. ಪಕ್ಕದ ಎರಡು ಸುತ್ತುಗಳ ನಡುವಿನ ದೂರವನ್ನು ಅಕ್ಷದ ದಿಕ್ಕಿನಲ್ಲೇ ಅಳೆಯಿರಿ, ಓರೆಯಾಗಿ ಅಲ್ಲ. ಸುತ್ತು ಎಣಿಸಿ, ದಿಕ್ಕು ನೋಡಿ, ಹೊಸ ಹೆಲಿಕ್ಸ್ ಹಾಕಿ. ಇನ್ನು ಕಳಿಸುವವರಲ್ಲಿ ಒಂದು ಕೋರಿಕೆ: ತಂತಿಯ ದಪ್ಪ, ಹೊರ ವ್ಯಾಸ, ಒಟ್ಟು ಸುತ್ತು, ಒತ್ತದೆ ಇರುವಾಗಿನ ಎತ್ತರ, ಎಡವೋ ಬಲವೋ, ತುದಿ ಯಾವ ಥರ, ಇಷ್ಟನ್ನು ಇಮೇಲ್‌ನಲ್ಲಿ ಬರೆದುಬಿಡಿ. ಫೈಲ್ ಇಲ್ಲದಿದ್ದರೂ ನಡೆಯುತ್ತದೆ.