ಕೋರ್ಟಿಗೆ ತಟ್ಟೆ ತಂದವನು

ನಿನ್ನೆ ಒಂದು ಮದುವೇಲಿ ಊಟಕ್ಕೆ ಕೂತಿದ್ದಾಗ ಪಕ್ಕದೆಲೆಯ ರಿಟೈರ್ಡ್ ಆಫೀಸರ್ರು "ಯೂನಿಯನ್ನೋರನ್ನೆಲ್ಲ ಮಂತ್ರಿ ಮಾಡಿದ್ರೆ ಇನ್ನೇನಾಗುತ್ತೆ, ಘೋಷಣೆ ಕೂಗೋದು ಬಿಟ್ರೆ ಅವರಿಗೇನ್ ಗೊತ್ತು, ನಾಲ್ಕಕ್ಷರ ಓದಿರಲ್ಲ" ಅಂದ್ರು. ನಮ್ಮಪ್ಪ ಮಂಡೀಲಿ ಮೂಟೆ ಹೊತ್ತು ನಮ್ಮನ್ನ ಓದಿಸಿದ್ದು ನಿಮಗೆಲ್ಲ ಗೊತ್ತು. ರಾತ್ರಿ ನಿದ್ದೆ ಬರ್ಲಿಲ್ಲ.

ಯೂನಿಯನ್ನಿಂದ ಬಂದು ಬ್ರಿಟನ್ನಿನ ಮಂತ್ರಿಯಾದ ಅರ್ನೆಸ್ಟ್ ಬೆವಿನ್ ಎಷ್ಟು ಓದಿದ್ದ? ಸಾಮರ್ಸೆಟ್‌ನ ಹಳ್ಳಿಯವನು, 1881ರಲ್ಲಿ ಹುಟ್ಟಿದ್ದು, ಅಪ್ಪ ಯಾರಂತ ಗೊತ್ತಿಲ್ಲ, ಎಂಟು ವರ್ಷಕ್ಕೆ ತಾಯಿ ತೀರ್ಕೊಂಡ್ಳು, ಹನ್ನೊಂದಕ್ಕೆ ಸ್ಕೂಲ್ ಬಿಟ್ಟ. ಹೊಲದ ಕೆಲಸ, ಆಮೇಲೆ ಬ್ರಿಸ್ಟಲ್‌ನಲ್ಲಿ ಮಿನರಲ್ ವಾಟರ್ ಸಾಗಿಸೋ ಕುದುರೆಗಾಡಿ. ಅಲ್ಲಿಂದ ಡಾಕರ್ಸ್ ಯೂನಿಯನ್, ಅಂದ್ರೆ ಹಡಗುಕಟ್ಟೆ ಕೂಲಿಗಳ ಸಂಘ.

1920ರಲ್ಲಿ ಹಡಗುಕಟ್ಟೆ ಕೂಲಿಗಳ ಸಂಬಳದ ವಿಚಾರಣೆ ನಡೀತು. ದಿನಾ ಬೆಳಿಗ್ಗೆ ಡಾಕ್ ಗೇಟಲ್ಲಿ ಗುಂಪಾಗಿ ನಿಂತ್ಕೊಂಡು, ಮೇಸ್ತ್ರಿ ಯಾರ ಕಡೆ ಕೈ ತೋರಿಸ್ತಾನೋ ಅವನಿಗಷ್ಟೇ ಅವತ್ತಿನ ಅನ್ನ, ಉಳಿದೋರು ವಾಪಸ್ ಮನೆಗೆ. ಅಂಥೋರ ಸಂಸಾರಕ್ಕೆ ಇಷ್ಟು ಆಹಾರ ಸಾಕು ಅಂತ ಪ್ರೊಫೆಸರ್ ಬೌಲಿ ಲೆಕ್ಕ ಹಾಕಿ ಕೊಟ್ಟಿದ್ರು. ಬೆವಿನ್ ಏನ್ ಮಾಡ್ದ ಗೊತ್ತಾ, ಮಾರ್ಕೆಟ್ಟಿಗೆ ಹೋಗಿ ಆ ಲೆಕ್ಕದಷ್ಟೇ ಸಾಮಾನು ತಂದು, ಬೇಯಿಸಿ, ತಟ್ಟೆಗೆ ಹಾಕಿ ವಿಚಾರಣೆ ಕೋರ್ಟಲ್ಲಿ ಎಲ್ಲರ ಮುಂದೆ ಇಟ್ಟ, ದಿನವಿಡೀ ಮೂಟೆ ಹೊರೋನಿಗೆ ಇಷ್ಟು ಸಾಕಾ ಅಂತ ಕೇಳ್ದ. ಕೇಳಿದ್ದ 16 ಶಿಲ್ಲಿಂಗ್ ದಿನಗೂಲಿಯನ್ನೇ ಕೋರ್ಟು ಶಿಫಾರಸು ಮಾಡ್ತು! ಜನ ಅವನನ್ನ ಕೂಲಿಗಳ ಬ್ಯಾರಿಸ್ಟರ್ ಅಂತ ಕರೆದ್ರು. ಹಸಿವು ಎಷ್ಟು ಅಂತ ಅವನಿಗೆ ಗೊತ್ತಿತ್ತು, ಸಾರ್. ಅದೂ ಓದೇ ಅಲ್ವಾ?

1922ರಲ್ಲಿ ಹತ್ತಕ್ಕೂ ಹೆಚ್ಚು ಸಣ್ಣ ಯೂನಿಯನ್‌ಗಳನ್ನ ಸೇರಿಸಿ ದೊಡ್ಡ ಸಾರಿಗೆ ಕಾರ್ಮಿಕರ ಯೂನಿಯನ್ ಕಟ್ಟಿ, 1940ರ ತನಕ ಅವನೇ ನಡೆಸ್ದ. ಆ ವರ್ಷ ಪ್ರಧಾನಿ ಚರ್ಚಿಲ್ ಕರೆದು ಕಾರ್ಮಿಕ ಮಂತ್ರಿ ಮಾಡ್ದಾಗ ಅವನು ಎಂಪಿನೂ ಆಗಿರ್ಲಿಲ್ಲ. ಇಡೀ ದೇಶದ ದುಡಿಯೋ ಕೈಗಳನ್ನ ಯುದ್ಧಕ್ಕೆ ಹಂಚಿದ್ದು ಈ ಗಾಡಿ ಹೊಡೆಯೋನೇ. ನಮ್ಮ ಹುಡುಗರೂ ಬೆವಿನ್ ಟ್ರೈನಿಗಳು ಅನ್ನೋ ಹೆಸರಲ್ಲಿ ಅಲ್ಲಿ ಹೋಗಿ ಕೆಲಸ ಕಲಿತ್ರು. 1945ರಲ್ಲಿ ಫಾರಿನ್ ಸೆಕ್ರೆಟರಿ, ಅಂದ್ರೆ ವಿದೇಶಾಂಗ ಮಂತ್ರಿ.

ಹೌದು, ಅದೇ ಮನುಷ್ಯ ಯುದ್ಧಕಾಲದಲ್ಲಿ ಮುಷ್ಕರ ನಿಷೇಧ ಮಾಡ್ದ, ಹುಡುಗರನ್ನ ಚೀಟಿ ಎತ್ತಿ ಕಲ್ಲಿದ್ದಲು ಗಣಿಗೆ ಕಳಿಸ್ದ, ಭಾರತ ಬಿಟ್ಟು ಹೊರಡೋಕೆ ಆಗಿನ ಪ್ರಧಾನಿ ಅಟ್ಲಿಗಿದ್ದ ಆತುರ ಅವನಿಗಿರ್ಲಿಲ್ಲ, ಅದು ನನಗೂ ನೋವೇ. ಆದ್ರೆ ಇದ್ಯಾವ್ದೂ ಡಿಗ್ರಿ ಇರ್ಲಿಲ್ಲ ಅನ್ನೋ ಕಾರಣಕ್ಕೆ ಆಗಿದ್ದಲ್ಲ, ಆಕ್ಸ್‌ಫರ್ಡ್ ಓದ್ದೋರು ಇದಕ್ಕಿಂತ ದೊಡ್ಡ ತಪ್ಪು ಮಾಡಿದಾರೆ, ಅವರ ಓದನ್ನ ಯಾರೂ ಬೈಯಲ್ಲ.

ಇನ್ನೊಂದು ಹೇಳ್ಬೇಕು, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಕಾಲೇಜ್ ಫಾರ್ಮಲ್ಲಿ ತಂದೆ ಉದ್ಯೋಗ ಅನ್ನೋ ಕಡೆ ನಾನು ವ್ಯಾಪಾರ ಅಂತ ಬರೆದಿದ್ದೆ. ಅಪ್ಪನ ಹೆಬ್ಬೆಟ್ಟು ಅದರ ಕೆಳಗೇ ಒತ್ತಿಸಿದ್ದೆ, ಏನ್ ಬರೆದಿದೀನಿ ಅಂತ ಅಪ್ಪ ಕೇಳ್ಲಿಲ್ಲ.

ನಿನ್ನೆಯೂ ನಾನು ಬಾಯಿ ಬಿಡ್ಲಿಲ್ಲ. ಎಲೇಲಿ ಅರ್ಧ ಬಿಟ್ಟು ಎದ್ದುಬಂದೆ.